ಪರಊರಿನವರ ಮುಪ್ಪಿಗೆ ಮೇವು ಹಾಕುವ ಚಲುವಮ್ಮ

ಬೆಳಗಿನ ಜಾವದಲ್ಲಿ ಚಲುವಮ್ಮ ಕಾಫಿತೋಟದ ಸಾಲುಮನೆಗಳ ಲೈನಿನ ಕಡೆಗೆ ಬರುತ್ತಿದ್ದಾಳೆ ಎಂದರೆ ಯಾರದೋ ಮುಪ್ಪು ಸತ್ತಿದೆ ಎಂದೇ ಲೆಕ್ಕ. ಕೂಲಿಯವರು ಇನ್ನೂ ಒಲೆ ಊದುತ್ತಿರುತ್ತಾರೆ. ಹಾಜರಿ ಹಿಡಿಯುವ ಮಸ್ಟರಿನ ಗಂಟೆ ಬಾರಿಸಿರುವುದಿಲ್ಲ. ಮಂಜಿನೊಳಗಿಂದ ಕಂಬಳಿಯ ಕೊಪ್ಪೆ ಹಾಕಿದ ಗಿಡ್ಡ ಹೆಂಗಸೊಬ್ಬಳು ಬರುತ್ತಾಳೆ, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಅದನ್ನು ಕಂಡದ್ದೇ ತಡ, ಲೈನಿನ ಮಾತೆಲ್ಲ ನಿಂತುಹೋಗುತ್ತದೆ. ಯಾರ ಮನೆಯದು ಎಂದು ಯಾರೂ ಕೇಳುವುದಿಲ್ಲ. ಅವಳು ಯಾರ ಬಾಗಿಲಲ್ಲಿ ಕೂತು ಪೊಟ್ಟಣ ಬಿಚ್ಚುತ್ತಾಳೋ ಅವರದು.

ಪೊಟ್ಟಣದಲ್ಲಿರುವುದು ದನದ ಕಿವಿ. ಬುಡಕ್ಕೆ ಕುಯ್ದು, ಬೂದಿ ಸವರಿದ ಒಂಟಿ ಕಿವಿ. ಅದರ ಅಂಚಿನಲ್ಲಿ ಕಚ್ಚು ಹಾಕಿದ ಗುರುತು. ಮನೆಯವರು ಅದನ್ನು ಎತ್ತಿಕೊಂಡು, ಕಚ್ಚನ್ನು ಬೆರಳಿನಿಂದ ತಡವಿ ನೋಡುತ್ತಾರೆ. ತಾವೇ ಹಾಕಿದ ಕಚ್ಚು. ಸುಳ್ಳಲ್ಲ. ಹೆಂಗಸರು ಸೆರಗು ಬಾಯಿಗೆ ಒತ್ತುತ್ತಾರೆ. ಚಲುವಮ್ಮ ಅವರ ಜೊತೆ ಒಂದಷ್ಟು ಹೊತ್ತು ಕೂತು, ಕರಿಕಾಫಿ ಕೊಟ್ಟರೆ ಕುಡಿದು, ಬಂದ ದಾರಿಯಲ್ಲೇ ಹೊಳೆಯ ಕಡೆಗೆ ಇಳಿದು ಹೋಗುತ್ತಾಳೆ.

ಪೇಟೆಯಲ್ಲಿ ಕೂತು ಇದನ್ನು ಓದುವವರಿಗೆ ಮೈ ಜುಮ್ಮೆನ್ನಬಹುದು. ಎನ್ನಲಿ. ಇದಕ್ಕಿಂತ ಮೈ ನಡುಗಿಸುವುದು ಮುಂದೆ ಇದೆ. ಹೋದ ಯುಗಾದಿಯವರೆಗೂ ಹೀಗೇ ನಡೆದಿತ್ತು, ಈ ಕಿವಿಯಷ್ಟು ಖಾತ್ರಿಯಾದದ್ದು ಆ ಲೈನಿನ ಜನಕ್ಕೆ ಬೇರೊಂದಿರಲಿಲ್ಲ.

ಕುಶಾಲನಗರದಿಂದ ಶಿರಂಗಾಲದ ದಾರಿಯಲ್ಲಿ ಸ್ವಲ್ಪ ದೂರ ಹೋದರೆ, ಕಾವೇರಿಯ ದಂಡೆಯಲ್ಲಿ ಚಲುವಮ್ಮನ ಹಟ್ಟಿ ಸಿಗುತ್ತದೆ. ಹುಟ್ಟಿದ್ದು ಹಾಸನ ಸೀಮೆಯ ಅರಕಲಗೂಡಿನ ಕಡೆ. ಗಂಡನ ಜೊತೆ ಗುತ್ತಿಗೆ ಗದ್ದೆ ಹುಡುಕಿಕೊಂಡು ಇಲ್ಲಿಗೆ ಬಂದಳು. ಗದ್ದೆ ಸಿಕ್ಕಿತು, ಗಂಡ ಚಳಿಜ್ವರಕ್ಕೆ ಹೋದ. ಉಳಿದದ್ದು ರಾಗಿ ಬೆಳೆಯುವ ಒಂದು ತುಂಡು ಹೊಲ, ಇನ್ನೂ ಮೀಸೆ ಮೂಡದ ಮೈದುನ ಸಣ್ಣಸ್ವಾಮಿ, ನಾಲ್ಕು ದನ. ಮೈದುನನನ್ನು ಮಗನ ಹಾಗೆ ಸಾಕಿದಳು. ದನಗಳನ್ನು ಹೊಳೆದಂಡೆಯ ಪೈಸಾರಿಯಲ್ಲಿ, ಯಾರ ಹೆಸರಿಗೂ ಸೇರದ ಆ ಸರಕಾರಿ ಕುರುಚಲಿನಲ್ಲಿ, ಮೇಯಿಸಿದಳು.

ಮೇಲಿನ ತೋಟಗಳಲ್ಲಿ ಕೆಲಸ ಮಾಡುವವರು ಹೆಚ್ಚಿನವರೂ ಹೊರಗಿನವರು. ಕೊಳ್ಳೇಗಾಲದ ಕಡೆಯಿಂದ, ಮಲೆಯಾಳದಿಂದ, ಘಟ್ಟದ ಕೆಳಗಿನಿಂದ ಮೇಸ್ತ್ರಿಗಳ ಬೆನ್ನು ಹತ್ತಿ ಬಂದವರು. ಕಾಫಿ ಕೊಯ್ಯುವ ಒಂದು ಪಿಕಿಂಗು ಮುಗಿಸಿ ಹೋಗುತ್ತೇವೆ ಎಂದು ಬಂದವರ ತಲೆ ಇಲ್ಲೇ ನೆರೆಯುತ್ತದೆ. ಅವರು ಬಂದಾಗ ಕೊಡಗಿಗೆ ಒಂದು ಸರಕಾರ, ಮೈಸೂರಿಗೆ ಒಂದು, ಕೊಳ್ಳೇಗಾಲ ಮದರಾಸಿಗೆ. ಈಗ ಎಲ್ಲ ಸೇರಿ ಒಂದೇ ಮೈಸೂರು ರಾಜ್ಯ ಆಗಿದೆ, ಸಂತೋಷ. ಆದರೆ ಮೊಣಕಾಲು ಸೋತು ಇಳಿಜಾರು ಹತ್ತಲಾಗದ ದಿನ ಲೈನಿನ ಕೋಣೆ ಬಿಡಬೇಕು, ಕೋಣೆ ತೋಟದ್ದೇ ಹೊರತು ರಾಜ್ಯದ್ದಲ್ಲ. ಸಂಬಳದಲ್ಲಿ ಹಿಡಿದು ಮುಪ್ಪಿಗೆ ಕೂಡಿಡುವ ಭವಿಷ್ಯನಿಧಿ ಈಗೀಗ ತೋಟಗಳಿಗೂ ಬಂದಿದೆಯಂತೆ. ಬರಲಿ, ಒಳ್ಳೆಯದೇ. ಇಡೀ ಹರೆಯ ಸವೆಸಿ ಇನ್ನೆರಡು ಮಳೆಗಾಲಕ್ಕೆ ಹೊರಡುವವರಿಗೆ ಅದರಿಂದ ಎಷ್ಟು ಬಂದೀತು?

ಅಂಚೆ ಕಚೇರಿಗೆ ಹೋಗಲು ಅವರಿಗೆ ಅಂಜಿಕೆ. ಇಲ್ಲಿ ಕಟ್ಟಿದ ಕಾಸನ್ನು ಅಲ್ಲಿ ಯಾರು ಕೊಡುತ್ತಾರೆ ಎಂಬ ಅನುಮಾನ. ಹಾಗಾಗಿ ಅವರು ನಂಬಿದ್ದು ಹೆಣ್ಣುಗರುವನ್ನು. ಆದರೆ ಲೈನಿನಲ್ಲಿ ದನ ಕಟ್ಟುವಂತಿಲ್ಲ, ಎಳೆಯ ಕಾಫಿಗಿಡಕ್ಕೆ ಬಾಯಿ ಹಾಕುತ್ತವೆ. ಕರು ಕೊಂಡು, ಕಿವಿಗೆ ತಮ್ಮ ಗುರುತಿನ ಕಚ್ಚು ಹಾಕಿ, ಹೊಳೆದಂಡೆಯ ಚಲುವಮ್ಮನಿಗೆ ಪಾಲಿಗೆ ಕೊಡುತ್ತಾರೆ. ಹಾಲು, ಗೊಬ್ಬರ ಸಾಕಿದವಳಿಗೆ. ಮೊದಲ ಕರು ಸಾಕಿದವಳಿಗೆ, ಎರಡನೆಯದು ಒಡೆಯರಿಗೆ, ಮತ್ತೆ ಹಾಗೇ ಸರದಿ. ಗಂಡುಗರು ಮಾರಬಹುದು, ಹೆಣ್ಣುಗರು ಮುಟ್ಟಬಾರದು ಎಂದು ಚಲುವಮ್ಮನ ಕಟ್ಟುನಿಟ್ಟು. ಮಗಳ ಮದುವೆ ಎಂದರೂ ಬಿಡುವುದಿಲ್ಲ, ಜಗಳಕ್ಕೇ ನಿಲ್ಲುತ್ತಾಳೆ. "ಕೈಯಾಗೆ ಕಸುವು ಇರೋವಾಗ ಹೆಣ್ಗರ ಕಟ್ಟಬೇಕು. ಕಸುವು ಹೋದ್ಮೇಲೆ ಅದು ನಿಮ್ಮನ್ನ ಕಟ್ಕತದೆ," ಎಂದು ಎಲ್ಲರಿಗೂ ಒಂದೇ ಪಾಠ. ಹಸು ಬತ್ತುವ ಮೊದಲೇ ಅದನ್ನು ಬದಲಾಯಿಸಿ, ಒಡೆಯರು ತೋಟ ಬಿಡುವ ಹೊತ್ತಿಗೆ ಒಂದಾದರೂ ಕರೆಯುವ ಹಸು ಅವರ ಕೈಗೆ ಬರುವ ಹಾಗೆ ನೋಡಿಕೊಳ್ಳುತ್ತಾಳೆ. ಬ್ಯಾಂಕಿನವರು ಇದಕ್ಕೆ ಏನೆನ್ನುತ್ತಾರೋ ಗೊತ್ತಿಲ್ಲ. ಲೈನಿನವರು ಇದನ್ನು ಮುಪ್ಪು ಕಟ್ಟುವುದು ಎನ್ನುತ್ತಾರೆ.

ಕಿವಿಯ ಪದ್ಧತಿ ಹುಟ್ಟಿದ್ದು ಒಂದು ಅವಮಾನದಿಂದ. ಪಾಲಿನ ದನದ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ಕುಹಕವಿದೆ: ಹುಲಿಗೆ ಪಾಲಿನ ಕರುವೇ ರುಚಿ. ಸಾಕುವವನ ಸ್ವಂತ ಕರು ಸಾಯುವುದೇ ಇಲ್ಲ, ಸತ್ತದ್ದೆಲ್ಲ ಒಡೆಯನದು ಎಂದು ಅದರ ಅರ್ಥ. ಮೊದಮೊದಲು ಒಬ್ಬ ಕೂಲಿಯ ಕರು ಸತ್ತಾಗ ಚಲುವಮ್ಮ ಲೈನಿಗೆ ಹೋಗಿ ಹೇಳಿದಳು. ಅವನು ಈ ಮಾತನ್ನೇ ಅವಳ ಮುಖಕ್ಕೆ ಎಸೆದು, ಉಗಿದು ಒಳಗೆ ಹೋದ. ಮುಂದಿನ ಸಲ ಇನ್ನೊಬ್ಬರ ಕರು ಸತ್ತಾಗ ಅವಳು ರಾಗಿ ಕುಯ್ಯುವ ಕುಡುಗೋಲನ್ನೇ ತೆಗೆದುಕೊಂಡು ಕಚ್ಚು ಹಾಕಿದ ಕಿವಿಯನ್ನು ಕುಯ್ದು ಒಯ್ದಳು.

ನೆಂಟರಿಷ್ಟರು ಹೌಹಾರಿದರು. ಒಕ್ಕಲು ಮನೆಯ ಹೆಣ್ಣು ಸತ್ತ ಹಸುವಿಗೆ ಕುಡುಗೋಲು ಹಾಕುವುದೆಂದರೇನು? ಮದುವೆ ಮನೆಗಳಲ್ಲಿ ಅವಳ ಎಲೆಯನ್ನು ದೂರಕ್ಕೆ ಸರಿಸಿದರು. ಅವಳ ಮನೆಯ ಮಜ್ಜಿಗೆ ಬೇಡವೆಂದರು. ಚಲುವಮ್ಮನಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ತುಂಬ ನೋವಾಯಿತು. ಆದರೂ ಬಿಡಲಿಲ್ಲ. ಲೈನಿನಲ್ಲಿ ಅವಳ ಮಾತಿಗೆ ಬೆಲೆ ಬಂದದ್ದು ಆ ಕುಡುಗೋಲಿನಿಂದ. ನೋಡನೋಡುತ್ತ ಹೊಳೆದಂಡೆಯಲ್ಲಿ ಪಾಲಿಗೆ ದನ ಸಾಕುವ ಬೇರೆಯವರೂ ಇದನ್ನೇ ಹಿಡಿದರು. ಕಿವಿ ಬಂತೆಂದರೆ ಮಾತು ಮುಗಿಯಿತು. ಬದುಕಿರುವ ಹಸುವಿನ ಕಿವಿಗೆ ಯಾರಾದರೂ ಕತ್ತಿ ಹಾಕಿಯಾರು ಎಂದು ಆ ಜನ ಕನಸಿನಲ್ಲೂ ಎಣಿಸಲಿಲ್ಲ. ಕಳ್ಳನಿಗೂ ಒಂದು ಪಾಪದ ಭಯ ಇದ್ದೇ ಇರುತ್ತದೆ ಎಂದು ನಂಬಿದವರು ಅವರು.

ಕೆಂಚಿ ಎಂಬ ಹೆಂಗಸು ಕೊಳ್ಳೇಗಾಲದ ಆಚೆಯವಳು. ಲಂಗದ ವಯಸ್ಸಿನಲ್ಲಿ ಬಂದವಳಿಗೆ ಈಗ ಮೊಣಕಾಲು ಮಡಿಸಿದರೆ ಬಿಚ್ಚಲಾಗದು. ಗಂಡನಿಲ್ಲ, ಮಕ್ಕಳಾಗಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಲೈನು ಬಿಡಬೇಕಾಗುತ್ತದೆ ಎಂದು ತೋಟದ ಲೆಕ್ಕ ಬರೆಯುವ ರೈಟರು ದೇರಪ್ಪ ಹೇಳಿಯಾಗಿತ್ತು. ಸಂಪಾಜೆ ಕಡೆಯ ಈ ದೇರಪ್ಪ ಕೆಟ್ಟವನಲ್ಲ, ಹೇಳುವಾಗ ತಲೆ ತಗ್ಗಿಸಿಕೊಂಡೇ ಹೇಳಿದ. ಕೆಂಚಿ ಗಾಬರಿಯಾಗಲಿಲ್ಲ. ಊರಿನಲ್ಲಿ ತಂಗಿಯ ಮಗಳಿದ್ದಾಳೆ, ಹೊಳೆದಂಡೆಯಲ್ಲಿ ತನ್ನ ಹಸುವಿದೆ, ಹಸು ಗಬ್ಬವಾಗಿದೆ. ಅವಳ ಲೆಕ್ಕ ಅಷ್ಟೇ. ಹಸು ಹಿಡಿದುಕೊಂಡು ಹೋದವಳು ನೆಂಟಳು, ಬರಿಗೈಯಲ್ಲಿ ಹೋದವಳು ಹೊರೆ.

ಆ ಹಸುವಿನ ಹೆಸರು ಮಚ್ಚೆ. ಮೈಯೆಲ್ಲ ಕಂದು, ಬಲಗಿವಿಯ ಬುಡದಲ್ಲಿ ಮಾತ್ರ ಅಂಗೈಯಗಲ ಬಿಳಿ. ಕರುವಾಗಿದ್ದಾಗಿಂದ ಚಲುವಮ್ಮನ ಕೈಯಲ್ಲೇ ಬೆಳೆದದ್ದು. ಹಟ್ಟಿಯಲ್ಲಿ ಜಾಗ ಸಾಲದೆ ಬಂದಾಗ, ಅಷ್ಟರಲ್ಲಿ ಬೇರೆ ಮನೆ ಮಾಡಿದ್ದ ಸಣ್ಣಸ್ವಾಮಿಯ ಕೊಟ್ಟಿಗೆಗೆ ಕೆಲವು ದನಗಳನ್ನು ದಾಟಿಸಿದಳು. ಮಚ್ಚೆಯೂ ಅದರಲ್ಲಿ ಒಂದು. ಲೈನಿನವರು ಅನುಮಾನಿಸಿದರು. ಅವನು ಬೇರೆಯಲ್ಲ, ನಾನು ಬೇರೆಯಲ್ಲ ಎಂದು ಚಲುವಮ್ಮನೇ ಮಾತು ಕೊಟ್ಟಳು.

ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ ಸಣ್ಣಸ್ವಾಮಿ ಲೈನಿಗೆ ಬಂದು ಕೆಂಚಿಯ ಬಾಗಿಲಲ್ಲಿ ಪೊಟ್ಟಣ ಬಿಚ್ಚಿದ. ರಾತ್ರಿ ಹೊಟ್ಟೆಯುಬ್ಬರದಿಂದ ಹೋಯಿತು, ಹೂತೂ ಆಯಿತು ಎಂದ. ಕೆಂಚಿ ಕಚ್ಚು ತಡವಿ ನೋಡಿದಳು. ಅವಳದೇ. ಆ ದಿನ ಮಸ್ಟರಿಗೆ ಹೋಗಲಿಲ್ಲ, ಅನ್ನ ಬೇಯಿಸಲಿಲ್ಲ. ಕಿವಿಯನ್ನು ಒಣಗಿಸಿ, ಎಸೆಯಲು ಮನಸ್ಸು ಬಾರದೆ, ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟಳು. ಸುದ್ದಿ ತಿಳಿದ ಚಲುವಮ್ಮ ಬಂದು ಅವಳನ್ನು ಅಪ್ಪಿಕೊಂಡು ಅತ್ತಳು. ಸಣ್ಣಸ್ವಾಮಿಯ ಮನೆಗೂ ಹೋಗಿ, ಪಾಪ ಹುಡುಗನಿಗೆಷ್ಟು ಸಂಕಟವಾಗಿದೆಯೋ ಎಂದು ಅವನಿಗೇ ಸಮಾಧಾನ ಹೇಳಿ ಬಂದಳು.

ಹದಿನೈದು ಇಪ್ಪತ್ತು ದಿನ ಕಳೆದಿರಬಹುದು. ಸಂತೆಯ ದಿನ ಚಲುವಮ್ಮ ಬೆಣ್ಣೆಯ ಕುಡಿಕೆ ಹೊತ್ತು ನಸುಕಿನಲ್ಲೇ ಕುಶಾಲನಗರಕ್ಕೆ ಬಂದಿದ್ದಳು. ಹೊಳೆಯ ಸೇತುವೆಯ ಹತ್ತಿರ ಒಬ್ಬ ದಲ್ಲಾಳಿ ಒಂದಷ್ಟು ದನಗಳನ್ನು ಆಚೆ ದಡಕ್ಕೆ ಹೊಡೆಸುತ್ತ, ಎದುರು ಬಂದ ಬಸ್ಸಿಗಾಗಿ ಅವುಗಳನ್ನು ಅಂಚಿಗೆ ನಿಲ್ಲಿಸಿದ್ದ. ಅದರಲ್ಲೊಂದು ಗಬ್ಬದ ಹಸು. ತಲೆಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿದೆ. ನಾಯಿ ಕಚ್ಚಿರಬೇಕು ಎಂದುಕೊಂಡು ಚಲುವಮ್ಮ ಪಕ್ಕದಲ್ಲೇ ಹಾದಳು. ಹಸು ಕುತ್ತಿಗೆ ಚಾಚಿ ಅವಳ ಸೆರಗನ್ನು ಬಾಯಿಗೆ ಹಾಕಿಕೊಂಡಿತು. ಕರುವಾಗಿದ್ದಾಗಲೂ ಅದಕ್ಕೆ ಇದೇ ಚಾಳಿ.

ಅವಳು ಬಟ್ಟೆ ಸರಿಸಿದಳು. ಬಲಗಿವಿ ಇಲ್ಲ. ಗಾಯ ಇನ್ನೂ ಹಸಿ. ಬುಡದಲ್ಲಿ ಬಿಳಿಯ ಒಂದು ಚೂರು ಉಳಿದಿದೆ.

ಬೆಣ್ಣೆಯ ಕುಡಿಕೆ ಯಾವಾಗ ಬಿತ್ತೋ ಅವಳಿಗೆ ತಿಳಿಯದು. ರಸ್ತೆಯ ಮೇಲೆ ಕುಕ್ಕರುಬಡಿದು ಕೂತಳು. ಬಸ್ಸಿನ ಡ್ರೈವರು ಹಾರನ್ನು ಹೊಡೆದೇ ಹೊಡೆದ. ಸತ್ತವರು ಎದ್ದು ಬಂದರೆ ಮನುಷ್ಯನಿಗೆ ಸಂತೋಷವಾಗಬೇಕು. ಅವಳಿಗೆ ಆಗಲಿಲ್ಲ. "ಒಂದು ಗಳಿಗೆ ನಾನೇ ಸತ್ತಿದೀನಿ ಅನ್ನಿಸ್ತು ಕಣಪ್ಪ," ಎಂದು ಕೇಳಿದವರಿಗೆ ಇವತ್ತಿಗೂ ಹೇಳುತ್ತಾಳೆ. "ಅವನ ಕೈಗೆ ಕುಡುಗೋಲು ಹಿಡಿಯಾಕೆ ಕಲಿಸ್ದೋಳು ನಾನು. ಕಿವಿ ಕುಯ್ಯಾಕೆ ಕಲಿಸ್ದೋಳೂ ನಾನೇ."

ದಲ್ಲಾಳಿ ಒಳ್ಳೆಯ ದರ ಕೊಟ್ಟೇ ಸಣ್ಣಸ್ವಾಮಿಯಿಂದ ಕೊಂಡಿದ್ದ. ಕಿವಿಯನ್ನು ಚಿರತೆ ಹರಿಯಿತೆಂದು ಸಣ್ಣಸ್ವಾಮಿ ಅವನಿಗೆ ಹೇಳಿದ್ದ. ಚಲುವಮ್ಮ ಹಗ್ಗ ಹಿಡಿದವಳು ಬಿಡಲೊಲ್ಲಳು, ಅವನು ಕಳ್ಳಿ ಕಳ್ಳಿ ಎಂದು ಕೂಗಿದ, ಜನ ಸೇರಿತು. ತೋಟದ ದಿನಸಿಗೆಂದು ಬಂದಿದ್ದ ರೈಟರು ದೇರಪ್ಪನೂ ಅಲ್ಲಿಗೆ ಬಂದ. ಕೆಂಚಿಯ ಕೋಣೆಯ ತೊಲೆಯಲ್ಲಿ ಆ ಕಿವಿ ಕಂಡಿದ್ದೇನೆ, ಹಸುವಿಗೆ ಹಿಡಿದು ನೋಡಿದರೆ ತೀರಿತು ಎಂದು ಅವನೇ ದಾರಿ ಹೇಳಿದ. ದಲ್ಲಾಳಿ ಗೊಣಗುತ್ತ ಹಸುವಿನ ಹಿಂದೆ ತೋಟದವರೆಗೆ ನಡೆದ.

ಲೈನಿನ ಅಂಗಳದಲ್ಲಿ ಕೆಂಚಿ ತೊಲೆಯ ಸಂದಿಯಿಂದ ಕಿವಿ ತೆಗೆದು ತಂದಳು. ಒಣಗಿ ಸುರುಟಿತ್ತು. ಚಲುವಮ್ಮ ಅದನ್ನು ಗಾಯದ ಪಕ್ಕ ಹಿಡಿದಳು. ಬಿಳಿ ಮಚ್ಚೆಯ ಅರ್ಧ ಹಸುವಿನ ತಲೆಯಲ್ಲಿ, ಇನ್ನರ್ಧ ಕಿವಿಯಲ್ಲಿ. ದಲ್ಲಾಳಿ ಕೂಡ ಹೆಗಲ ವಸ್ತ್ರ ತೆಗೆದು ಬಾಯಿ ಮುಚ್ಚಿಕೊಂಡ.

ಹಸು ಸಿಕ್ಕಿತೆಂದು ಕೆಂಚಿ ನಗಲಿಲ್ಲ. ಅದರ ಗಾಯವನ್ನೇ ನೋಡುತ್ತಿದ್ದಳು. "ಬದುಕಿರವಾಗ್ಲೇ ಕುಯ್ದನಾ ಅವ್ವಾ?" ಎಂದು ಕೇಳಿದಳು. ಉತ್ತರ ಎದುರಿಗೇ ನಿಂತಿತ್ತು.

ಆಗ ಕಾಳ ಎಂಬ ಕೂಲಿಯಾಳು ಒಳಗೆ ಹೋಗಿ ಒಂದು ಕಿವಿ ತಂದು ಅಂಗಳದಲ್ಲಿಟ್ಟ. ಸಿದ್ದ ಒಂದು ತಂದ. ಪಾಪ ಎಂಬವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದದ್ದನ್ನು ತಂದಳು. ಕೆಂಚಿಯಂತೆಯೇ ಎಲ್ಲರೂ ಇಟ್ಟುಕೊಂಡಿದ್ದರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನೆಲದ ಮೇಲೆ ಕಿವಿಗಳ ಸಾಲು. ಕೆಲವು ಸಣ್ಣಸ್ವಾಮಿ ತಂದವು, ಕೆಲವು ಚಲುವಮ್ಮ ತಂದವು. ಯಾವ ಹಸು ನಿಜಕ್ಕೂ ಸತ್ತಿತ್ತು, ಯಾವುದು ಹೊಳೆಯಾಚೆ ಎಲ್ಲೋ ಒಂಟಿ ಕಿವಿಯಲ್ಲಿ ಮೇಯುತ್ತಿದೆ? ಕಿವಿ ನೋಡಿ ಅದನ್ನು ಹೇಳುವುದು ಯಾರಿಂದಲೂ ಆಗದು. ಕಾಳ ತನ್ನ ಮುಂದಿನ ಕಿವಿ ತೋರಿಸಿ, "ಇದ ತಂದದ್ದು ನೀನು ಅವ್ವ. ಇದು ಸತ್ತಿತ್ತಾ?" ಎಂದ. ಸಿಟ್ಟಿನಿಂದ ಕೇಳಲಿಲ್ಲ, ಅದೇ ಅವಳನ್ನು ಕೊಂದಿತು. ಸತ್ತಿತ್ತು ಎಂದಳು. ಅವನು ತಲೆಯಾಡಿಸಿದ. ನಂಬಿದೆ ಎಂದೋ ಹೋಗಲಿ ಎಂದೋ ಗೊತ್ತಾಗಲಿಲ್ಲ.

ಪಂಚಾಯಿತಿ ಸೇರಿತು. ಸಣ್ಣಸ್ವಾಮಿಯ ಸಮಜಾಯಿಷಿ ಕೇಳಿದರೆ ಅಳಬೇಕೋ ನಗಬೇಕೋ. ಹಸು ಸತ್ತಿತೆಂದೇ ತಿಳಿದು ಕಿವಿ ಕುಯ್ದನಂತೆ, ನೋವಿಗೆ ಅದು ಎದ್ದು ಕೂತಿತಂತೆ. ಇನ್ನುಳಿದವೂ ಹಾಗೇ ಎದ್ದವೇ ಎಂದು ಹಿರಿಯರೊಬ್ಬರು ಕೇಳಿದ್ದಕ್ಕೆ ನೆಲ ನೋಡಿದ. ಮಾರಿದ ದುಡ್ಡು ಒಂದು ಲಾರಿಯ ಪಾಲಿಗೆ ಹೋಗಿತ್ತು, ಲಾರಿ ಓಡದೆ ನಿಂತಿತ್ತು. ದಂಡ ಹಾಕಿದರು. ಕಟ್ಟದೆ ಹೆಂಡತಿಯನ್ನು ಕರೆದುಕೊಂಡು ಅವಳ ತವರಿಗೆ ಹೋದವನು ಮರಳಲಿಲ್ಲ.

ಮಾತು ಕೊಟ್ಟವಳು ಚಲುವಮ್ಮ. ಮೈದುನ ತಂದ ಒಂದೊಂದು ಕಿವಿಗೂ ತನ್ನ ಪಾಲಿನ ಒಂದೊಂದು ಹಸುವನ್ನು ಲೈನಿನವರಿಗೆ ಬಿಟ್ಟುಕೊಟ್ಟಳು. ದಲ್ಲಾಳಿಗೆ ತನ್ನ ಉಳುವ ಹೋರಿ ಕೊಟ್ಟು ಮಚ್ಚೆಯನ್ನು ಬಿಡಿಸಿಕೊಂಡಳು. ಅರ್ಧ ಕೊಟ್ಟರೆ ಸಾಕು, ನಿನಗೂ ಮುಪ್ಪು ಬರುತ್ತದೆ ಎಂದು ದೇರಪ್ಪ ಬುದ್ಧಿ ಹೇಳಿದ. ಅದಕ್ಕವಳು, "ನಂದು ಬಂದಾಗ ನೋಡ್ಕಳವ. ಅವ್ರದು ಬಂದು ಬಾಗ್ಲಲ್ಲಿ ನಿಂತದೆ," ಎಂದಳು. ಯಾರಾದರೂ ತಡೆಯಬೇಕಿತ್ತು. ಮದುವೆ ಮನೆಯಲ್ಲಿ ಅವಳ ಎಲೆಯನ್ನು ಸರಿಸಿದ ನೆಂಟರಲ್ಲಿ ಒಬ್ಬನಾದರೂ ಒಂದು ಕರು ತಂದು ಕೊಡಬೇಕಿತ್ತು. ಕೊಡಲಿಲ್ಲ, ಆ ನಾಚಿಕೆಗೇಡನ್ನು ಇಲ್ಲಿ ಬರೆಯದೆ ಬಿಡಲಾಗದು.

ಕೆಂಚಿ ಮಳೆಗೆ ಮೊದಲೇ ಹೊರಟಳು. ಮಚ್ಚೆ ಅಷ್ಟರಲ್ಲಿ ಕರು ಹಾಕಿತ್ತು. ಊರಿನ ಕಡೆಗೆ ಹೋಗುವ ಗಾಡಿಯವರ ಜೊತೆ ಒಂಟಿ ಕಿವಿಯ ಹಸು, ಎರಡೂ ಕಿವಿ ನೆಟ್ಟಗಿದ್ದ ಹೆಣ್ಣುಗರು, ಕೋಲೂರಿದ ಕೆಂಚಿ. ತಂಗಿಯ ಮಗಳು ಎದುರುಗೊಂಡು ಕರೆದೊಯ್ದಳೆಂದು ಗಾಡಿಯವರು ಬಂದು ಹೇಳಿದರು.

ಉಳಿದವರಲ್ಲಿ ಹಲವರು ತಮ್ಮ ದನಗಳನ್ನು ಚಲುವಮ್ಮನ ಹಟ್ಟಿಯಿಂದ ಬಿಡಿಸಿಕೊಂಡು ಹೋದರು. ಬೈಯಲಿಲ್ಲ, ಹೇಳಿಯೇ ಹೋದರು. ಅವಳೂ ಯಾರನ್ನೂ ತಡೆಯಲಿಲ್ಲ. ಕಾಳ ಮಾತ್ರ ತನ್ನ ಹಸುವನ್ನು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಪಿಕಿಂಗು ಮುಗಿದರೆ ಅವನೂ ಊರಿಗೆ ಹೊರಡುವವನೇ. ಆ ಹಸುವಿನ ಮೇಲೆ ಚಲುವಮ್ಮನಿಗೆ ಕಣ್ಣಲ್ಲಿ ಕಣ್ಣು. ಅದೊಂದು ಅವನ ಕೈ ಸೇರಿದರೆ ತನ್ನ ಮಾತು ಉಳಿಯುತ್ತದೆ ಎಂದು ಅವಳ ಆಸೆ. ಮಳೆ ಹಿಡಿಯಿತು, ದನಗಳಿಗೆ ಗಂಟಲುಬೇನೆ ಬಂತು. ಸಂಜೆ ಮೇವು ಬಿಟ್ಟ ಕಾಳನ ಹಸು ಕೋಳಿ ಕೂಗುವ ಮೊದಲೇ ಸತ್ತುಹೋಯಿತು.

ಬುಡ್ಡಿಯ ಬೆಳಕಿನಲ್ಲಿ ಚಲುವಮ್ಮ ಹಸುವಿನ ಪಕ್ಕದಲ್ಲಿ ಕೂತಿದ್ದಳು. ಕುಡುಗೋಲು ಗೋಡೆಯಲ್ಲಿತ್ತು. ತೆಗೆಯಬೇಕು, ಕುಯ್ಯಬೇಕು, ಬೂದಿ ಸವರಬೇಕು. ಆದರೆ ಕಿವಿಯನ್ನು ಕೊಂಡುಹೋಗಿ ಏನನ್ನು ತೋರಿಸುವುದು? ಸಣ್ಣಸ್ವಾಮಿಯೂ ಕಿವಿಯನ್ನೇ ತೋರಿಸಿದ್ದ. ಅವಳು ಎದ್ದು ಕಂಬಳಿ ಹೊದ್ದು ಹೊರಟಳು. ದಾರಿಯುದ್ದಕ್ಕೂ, ಹಿಂದೊಮ್ಮೆ ತನ್ನ ಮುಖಕ್ಕೆ ಉಗಿದವನೇ ಕಣ್ಣಮುಂದೆ ಬರುತ್ತಿದ್ದ. ಎರಡು ಸಲ ತಿರುಗಿ ಹೋಗೋಣ ಎನ್ನಿಸಿತು. ಹೋಗಲಿಲ್ಲ.

ಲೈನಿನಲ್ಲಿ ಒಲೆ ಹತ್ತಿತ್ತು. ಅವಳ ಬರಿಗೈ ನೋಡಿ ಹೆಂಗಸರಿಗೆ ಏನು ತಿಳಿಯಬೇಕೋ ತಿಳಿಯಲಿಲ್ಲ. ಅವಳು ಕಾಳನ ಬಾಗಿಲಿಗೆ ಹೋಗಿ ನಿಂತಳು, ಕೂರಲಿಲ್ಲ.

"ನಿನ್ನ ಹಸ ಸತ್ತೋಯ್ತು ಕಣೋ ಕಾಳ. ಗಂಟಲುಬೇನೆ. ಕಿವಿ ಕುಯ್ಯಲಿಲ್ಲ, ಇನ್ಮ್ಯಾಕೆ ಯಾರ್ದೂ ಕುಯ್ಯಲ್ಲ. ಬಾಯಿಮಾತು ಒಂದೇ ತಂದಿರೋದು."

ಕಾಳನ ಹೆಂಡತಿ ಒಳಗೆ ಒಲೆಯ ಮುಂದೆ ಅಲ್ಲಾಡದೆ ಕೂತಿದ್ದಳು. ಆ ಹಸುವೇ ಅವರ ಇಷ್ಟು ವರ್ಷದ ದುಡಿಮೆ. ಚಲುವಮ್ಮ ಉಗುಳಿಗೆ ಕಾಯುವವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು.

"ತುಂಬ ಒದ್ದಾಡ್ತಾ ಅವ್ವ?" ಎಂದು ಕಾಳ ಕೇಳಿದ.

ಸೇತುವೆಯ ಹತ್ತಿರ ಅಳದವಳು, ಪಂಚಾಯಿತಿಯಲ್ಲಿ ಅಳದವಳು, ಅಲ್ಲಿ ಅವನ ಹೊಸ್ತಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತುಬಿಟ್ಟಳು. ಕಾಳನ ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಹಸು ಎಷ್ಟು ಹೊತ್ತಿಗೆ ಮೇವು ಬಿಟ್ಟಿತು, ಹೇಗೆ ಉಸಿರೆಳೆಯಿತು, ಕಡೆಗೆ ಹೇಗೆ ತನ್ನ ತೊಡೆಯ ಮೇಲೆ ತಲೆಯಿಟ್ಟಿತು ಎಂದು ಚಲುವಮ್ಮ ಹೇಳುತ್ತ ಹೋದಳು. ಮಸ್ಟರಿನ ಗಂಟೆ ಬಾರಿಸಿತು. ಕಾಳ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದ.

ಇಷ್ಟೆಲ್ಲ ಆದ ಮೇಲೂ ಚಲುವಮ್ಮನ ದಿನ ಹೊಳೆದಂಡೆಯ ಪೈಸಾರಿಯಲ್ಲೇ ಕಳೆಯುತ್ತದೆ. ಹಟ್ಟಿಯಲ್ಲಿ ಅವಳದೆಂದು ಹೇಳಿಕೊಳ್ಳಲು ಒಂದು ಗೊಡ್ಡು ಹಸುವಿದೆ. ಪಕ್ಕದಲ್ಲಿ, ತನ್ನ ಹಸು ಸತ್ತ ಮರುತಿಂಗಳು ಕಾಳ ಕೂಲಿಯಲ್ಲಿ ಉಳಿಸಿ ತಂದು ಕಟ್ಟಿದ ಎಳೆಗರು. ಅದು ಹಸುವಾಗುವವರೆಗೆ ಅವನು ಲೈನಿನಲ್ಲೇ ದುಡಿಯಬೇಕು, ಅವಳು ಹೊಳೆದಂಡೆಯಲ್ಲಿ ಮೇಯಿಸಬೇಕು. ಕಚ್ಚು ಹಾಕು ಎಂದು ಅವಳು ಅವನ ಮುಂದೆ ಕತ್ತಿ ಹಿಡಿದಳಂತೆ. ಅವನು ಕರುವಿನ ಕಿವಿಯನ್ನು ಸವರಿ, ಕತ್ತಿಯನ್ನು ಅವಳಿಗೇ ತಿರುಗಿ ಕೊಟ್ಟನಂತೆ.

"ಗುರ್ತು ಬ್ಯಾಡ ಅಂದ ಕಣಪ್ಪ," ಎನ್ನುತ್ತಾಳೆ ಚಲುವಮ್ಮ. "ಅದು ಹಸ ಆಗಿ ಅವನ ಕೈಗೆ ಹಗ್ಗ ಕೊಡೋಗಂಟ ನನ್ನ ಕಾಲು ಗಟ್ಟಿ ಇದ್ರೆ ಸಾಕು."